ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮತ್ತು ವಾರಕ್ಕೆ ಅರ್ಧ ದಿನ



ಸರ್ ಎಂ. ವಿಶ್ವೇಶ್ವರಯ್ಯ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಮೈಸೂರು ಪೇಟ, ಕನ್ನಡಕ ಮತ್ತು ಕನ್ನಂಬಾಡಿ ಕಟ್ಟೆ. ಅಷ್ಟು ದೊಡ್ಡ ಅಣೆಕಟ್ಟು ಕಟ್ಟಿಸಿದವರು ಊರಿನ ಚರಂಡಿ, ಬಾವಿ, ಬೀದಿ ಇವುಗಳ ಬಗ್ಗೆಯೂ ಅಷ್ಟೇ ತಲೆ ಕೆಡಿಸಿಕೊಂಡಿದ್ದರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಈ ಸಲ ಅದನ್ನೇ ಬರೆದಿದ್ದೇವೆ, ಓದಿ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಂದಿ ಬೆಟ್ಟದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ಆ ದಿನವನ್ನೇ ನಾವು ಇಂಜಿನಿಯರುಗಳ ದಿನ ಅಂತ ಆಚರಿಸೋದು. ಆಗ ಅದೂ ಕೋಲಾರ ಜಿಲ್ಲೆ, ನಮ್ಮ ಚಿಂತಾಮಣಿಯೂ ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಹಾಗಾಗಿ ಅಂದೂ ಇಂದೂ ಅವರು ನಮ್ಮ ಜಿಲ್ಲೆಯವರೇ!

ಅವರ ತಂದೆ ಶ್ರೀನಿವಾಸ ಶಾಸ್ತ್ರಿಗಳು. ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಮನೆಯಲ್ಲಿ ಬಡತನ. ಚಿಕ್ಕಬಳ್ಳಾಪುರದಲ್ಲಿ ಓದಿ ಬೆಂಗಳೂರಿಗೆ ಹೋದ ಹುಡುಗ, ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಓದಿಗೆ ದಾರಿ ಮಾಡಿಕೊಂಡ. 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು.

ಅಲ್ಲಿ ಅವರಿಗೆ ಬಂದ ಕೆಲಸಗಳಲ್ಲಿ ನೀರು ಮತ್ತು ನೈರ್ಮಲ್ಯದ್ದೇ ಹೆಚ್ಚು. ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಜನ ಸಿಂಧೂ ನದಿಯ ಕೆಸರು ನೀರು ಕುಡೀತಿದ್ದರು. ಶೋಧಿಸುವ ದೊಡ್ಡ ತೊಟ್ಟಿ ಕಟ್ಟಿಸಲು ಹಣ ಸಾಲದು. ಆಗ ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನೀರು ಮರಳಿನಲ್ಲಿ ಇಳಿದು, ಸೋಸಿ, ತಿಳಿಯಾಗಿ ಬಾವಿಗೆ ಬಂತು. 1906ರಲ್ಲಿ ಸಮುದ್ರದಾಚೆಯ ಏಡನ್ ಪಟ್ಟಣಕ್ಕೂ ಕುಡಿಯುವ ನೀರು ಮತ್ತು ಒಳಚರಂಡಿಯ ಯೋಜನೆ ಮಾಡಲು ಅವರನ್ನೇ ಕಳಿಸಿದರು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನ ಸತ್ತರು. ಮತ್ತೆ ಹಾಗಾಗದಂತೆ ಏನು ಮಾಡಬೇಕು ಅಂತ ನಿಜಾಮರ ಸರ್ಕಾರ ಇವರನ್ನು ಕೇಳಿತು. ಊರಿನ ಮೇಲ್ಗಡೆ ಎರಡು ಜಲಾಶಯ ಕಟ್ಟಿ ಪ್ರವಾಹ ತಡೆಯಿರಿ ಅಂದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಊರಿಗೆ ಒಳಚರಂಡಿ ಬೇಕು, ನದಿಯ ದಡದಲ್ಲಿ ಕೊಳಕು ಇರಬಾರದು, ಜನ ಓಡಾಡೋ ಉದ್ಯಾನ ಇರಬೇಕು ಅಂತಲೂ ಯೋಜನೆ ಹಾಕಿಕೊಟ್ಟರು. ನದಿ ದಡ ಎಲ್ಲರಿಗೂ ಸೇರಿದ ಜಾಗ, ಅದನ್ನು ಚೆನ್ನಾಗಿ ಇಟ್ಟುಕೊಳ್ಳೋದೂ ಊರು ಕಟ್ಟುವ ಕೆಲಸವೇ ಅನ್ನೋದು ಅವರ ಲೆಕ್ಕ.

1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ, ಕನ್ನಡ ಸಾಹಿತ್ಯ ಪರಿಷತ್ತು ಇವೆಲ್ಲ ಆರಂಭವಾದದ್ದು ಅವರ ಕಾಲದಲ್ಲೇ. ಇದೆಲ್ಲ ಪಾಠದಲ್ಲಿ ಓದಿದ್ದೀವಿ. ಪಾಠದಲ್ಲಿ ಅಷ್ಟಾಗಿ ಬಾರದ ಒಂದು ವಿಷಯ ಅಂದರೆ ಗ್ರಾಮ ಸುಧಾರಣಾ ಯೋಜನೆ.

1914ರ ಸುಮಾರಿಗೆ ಈ ಯೋಜನೆ ಶುರುವಾಯಿತು. ಊರೂರಿಗೆ ಒಂದು ಸಮಿತಿ. ಬಾವಿ, ಚರಂಡಿ, ರಸ್ತೆ, ಕೆರೆ, ಶಾಲೆ ಇವುಗಳಲ್ಲಿ ಯಾವುದು ಕೆಟ್ಟಿದೆ, ಯಾವುದನ್ನು ಮೊದಲು ಮಾಡಬೇಕು ಅಂತ ಊರಿನವರೇ ಕೂತು ತೀರ್ಮಾನಿಸಬೇಕು. ಸ್ವಲ್ಪ ಹಣ ಸರ್ಕಾರದ್ದು, ಸ್ವಲ್ಪ ಊರಿನದು. ಇನ್ನೊಂದು ಮುಖ್ಯ ಅಂಶವೂ ಇತ್ತು. ಊರಿನ ಜನ ವಾರಕ್ಕೆ ಅರ್ಧ ದಿನ ಎಲ್ಲರೂ ಸೇರಿ ಊರಿನ ಕೆಲಸ ಮಾಡಬೇಕು!

ಇಡೀ ಸಂಸ್ಥಾನದ ದಿವಾನರಿಗೆ ಊರಿನವರ ಅರ್ಧ ದಿನ ಯಾಕೆ ಬೇಕಿತ್ತು? ಸ್ವಲ್ಪ ಯೋಚನೆ ಮಾಡಿ. ಸರ್ಕಾರ ದುಡ್ಡು ಕೊಟ್ಟು ಒಂದು ಚರಂಡಿ ಕಟ್ಟಿಸಬಹುದು. ಆದರೆ ಮುಂದಿನ ಮಳೆಗಾಲಕ್ಕೆ ಅದರಲ್ಲಿ ಹೂಳು ತುಂಬುತ್ತೆ. ಅದನ್ನು ತೆಗೆಯೋಕೆ ಬೆಂಗಳೂರಿನಿಂದ ಇಂಜಿನಿಯರ್ ಬರ್ತಾರಾ? ಬರಲ್ಲ. ಕೈಯಾರೆ ಕಲ್ಲು ಹೊತ್ತವರಿಗೆ ಅದು ನಮ್ಮ ಚರಂಡಿ ಅನಿಸುತ್ತೆ, ಹಾಳಾದರೆ ಹೊಟ್ಟೆ ಉರಿಯುತ್ತೆ. ಆಗಿನ ಕಾಲದಲ್ಲಿ ಪ್ಲೇಗು, ಕಾಲರಾ ಬಂದರೆ ಹಳ್ಳಿಗಳೇ ಖಾಲಿಯಾಗುತ್ತಿದ್ದವು. ಚರಂಡಿ ನೀರು ಬಾವಿಗೆ ಇಳಿದರೆ ಕಾಲರಾ ಹಬ್ಬುತ್ತೆ. ಅದಕ್ಕೆ ಈ ಮನೆ ಆ ಮನೆ ಅನ್ನೋ ಭೇದ ಇಲ್ಲ. ಹಾಗಾಗಿ ಒಬ್ಬರ ಮನೆ ಮಾತ್ರ ಚೊಕ್ಕಟ ಇದ್ದರೆ ಸಾಲದು, ಊರೇ ಚೊಕ್ಕಟ ಇರಬೇಕು.

1918ರಲ್ಲಿ ಅವರು ದಿವಾನಗಿರಿ ಬಿಟ್ಟರು. ಹಿಂದುಳಿದ ಜಾತಿಗಳವರಿಗೆ ಸರ್ಕಾರಿ ಕೆಲಸ ಮೀಸಲಿಡುವ ವಿಷಯದಲ್ಲಿ ಅವರಿಗೂ ಮಹಾರಾಜರಿಗೂ ಅಭಿಪ್ರಾಯ ಕೂಡಲಿಲ್ಲ. ಈ ವಿಷಯದಲ್ಲಿ ವಿಶ್ವೇಶ್ವರಯ್ಯನವರನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ದೊಡ್ಡವರು ಅಂದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಬೇಕು ಅಂತೇನಿಲ್ಲ. ಒಳ್ಳೆಯದನ್ನು ತಗೊಳ್ಳೋಣ. 1955ರಲ್ಲಿ ಅವರಿಗೆ ಭಾರತ ರತ್ನ ಬಂತು. 1962ರಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. ಅವರ ಸಮಾಧಿ ಹುಟ್ಟಿದೂರು ಮುದ್ದೇನಹಳ್ಳಿಯಲ್ಲೇ ಇದೆ. ನೋಡದವರು ಒಮ್ಮೆ ಹೋಗಿ ಬನ್ನಿ.

ಈಗ ನಮ್ಮ ಕೆಂಚಾರ್ಲಹಳ್ಳಿ ವಿಷಯಕ್ಕೆ ಬರೋಣ. ಪ್ಲೇಗು ಹೋಯಿತು, ಆದರೆ ಡೆಂಗ್ಯೂ ಬಂದಿದೆ. ಬಿಸಾಕಿದ ಟೈರು, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ ಇವುಗಳಲ್ಲಿ ನಿಂತ ನೀರಲ್ಲೇ ಅದರ ಸೊಳ್ಳೆ ಮೊಟ್ಟೆ ಇಡೋದು. ಚಿಪ್ಸ್ ಪೊಟ್ಟಣ ಬೀದಿಗೆ ಎಸೆಯೋರಲ್ಲಿ ನಾವೇ ಮೊದಲು. ಅದು ಗಾಳಿಗೆ ಹಾರಿ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತೆ. ದನ ತಿಂದರೆ ಹೊಟ್ಟೆಯಲ್ಲಿ ಗಂಟಾಗುತ್ತೆ. ಹಾಲು ಹಾಕಿ ಸಂಸಾರ ಸಾಗಿಸೋ ಮನೆಗೆ ಒಂದು ಹಸು ಹೋದರೆ ಎಷ್ಟು ನಷ್ಟ ಅಂತ ನಿಮಗೇ ಗೊತ್ತು.

ಕಸ ತೆಗೆಯೋದು ಪಂಚಾಯ್ತಿ ಕೆಲಸ ಅಲ್ವಾ ಅಂತ ಕೆಲವರು ಕೇಳ್ತಾರೆ. ಹೌದು, ಪಂಚಾಯ್ತಿ ಕೆಲಸವೇ. ಗಾಡಿ ಬರದಿದ್ದರೆ ಅರ್ಜಿ ಬರೆದು ಕೇಳೋಣ. ಆದರೆ ಎಲ್ಲರೂ ಎಸೆಯೋದು, ಎತ್ತೋಕೆ ಮಾತ್ರ ಯಾವಾಗಲೂ ಒಂದೇ ಕೇರಿಯವರು ಬರಬೇಕು ಅನ್ನೋದು ಯಾವ ನ್ಯಾಯ? ವಾರಕ್ಕೆ ಅರ್ಧ ದಿನದ ಮಾತಿನಲ್ಲಿ ನಮಗೆ ಬಹಳ ಹಿಡಿಸಿದ್ದು ಇದೇ. ಊರಿನ ಕೆಲಸ ಊರಿನ ಎಲ್ಲರದ್ದು.

ನಮಗೆ ಅರ್ಧ ದಿನ ಬೇಡ, ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಸಾಕು. ಗುರುಗಳು ಒಪ್ಪಿದರೆ ಹೀಗೆ ಮಾಡಬಹುದು:

ಒಂದು ವಾರ ಶಾಲೆ ಗೇಟಿನ ಮುಂದೆ, ಇನ್ನೊಂದು ವಾರ ಬಸ್ ನಿಲ್ಲುವ ಕಡೆ, ಮತ್ತೊಂದು ವಾರ ಅರಳಿಕಟ್ಟೆ ಹತ್ತಿರ. ಹುಡುಗರು, ಹುಡುಗಿಯರು ಇಬ್ಬರೂ ಪೊರಕೆ ಹಿಡಿಯಬೇಕು.

ಎಲೆ, ಸಿಪ್ಪೆ ಇವು ತಿಪ್ಪೆಗೆ. ಪ್ಲಾಸ್ಟಿಕ್ಕು ಬೇರೆ ಚೀಲಕ್ಕೆ, ಪಂಚಾಯ್ತಿಗೆ ಕೊಡೋದು. ಪ್ಲಾಸ್ಟಿಕ್ಕಿಗೆ ಬೆಂಕಿ ಹಾಕಬಾರದು, ಹೊಗೆ ವಿಷ.

ಒಡೆದ ಗಾಜು, ಸೂಜಿ ಕಂಡರೆ ಮುಟ್ಟದೆ ದೊಡ್ಡವರಿಗೆ ಹೇಳಬೇಕು. ಚರಂಡಿಗೆ ಮಕ್ಕಳು ಇಳಿಯಬಾರದು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೀಬೇಕು.

ವಿಶ್ವೇಶ್ವರಯ್ಯನವರ ಫೋಟೋಗೆ ಪ್ರತಿ ವರ್ಷ ಹೂವಿನ ಹಾರ ಹಾಕ್ತೀವಿ. ಈ ವರ್ಷ ಹಾರದ ಜೊತೆಗೆ ಎರಡು ಪೊರಕೆ, ನಾಲ್ಕು ಗೋಣಿಚೀಲ ತರೋಣ. ಈ ಶನಿವಾರ ಬರೋರು ಪತ್ರಿಕೆಯ ಕೆಳಗಿನ ಖಾಲಿ ಜಾಗದಲ್ಲಿ ಹೆಸರು ಬರೆಯಿರಿ.