ಸರ್ ಫಿರೋಜಶಾಹ ಮೆಹತಾ

ಪವಾಯಿಯ ನಮ್ಮ ಬಂಧುಗಳು ಕಾಂಜೂರಮಾರ್ಗದಲ್ಲಿ ರೈಲು ಹತ್ತಿ ಬೋರಿಬಂದರಕ್ಕೆ, ಎಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ, ಬಂದಿಳಿದಾಗ ಎದುರಿನ ನಗರಪಾಲಿಕೆಯ ಭವನದ ಮುಂದೊಂದು ಪ್ರತಿಮೆಯನ್ನು ಕಂಡಿರಬಹುದು. ಅದು ಸರ್ ಫಿರೋಜಶಾಹ ಮೆಹತಾ ಅವರದು. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಎಷ್ಟೋ ಬಾರಿ ಅದರ ಮುಂದೆ ಹಾದುಹೋದ ನಾನೂ ಅವರಾರೆಂದು ಬಹುಕಾಲ ವಿಚಾರಿಸಿರಲಿಲ್ಲ.

ಮೆಹತಾ 1845ರ ಆಗಸ್ಟ್ 4ರಂದು ಮುಂಬಯಿಯ ಪಾರಸಿ ವರ್ತಕರ ಮನೆತನದಲ್ಲಿ ಜನಿಸಿದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ವಿಲಾಯತಿಗೆ ತೆರಳಿ, 1868ರಲ್ಲಿ ಬ್ಯಾರಿಸ್ಟರರಾಗಿ ಮರಳಿದರು.

ಆಗ ನಗರದ ಆಡಳಿತವು ಹೆಸರಿಗೆ ಸರಕಾರವು ನೇಮಿಸಿದ ಜಸ್ಟಿಸರೆಂಬ ಗಣ್ಯರದು. 1865ರ ಕಾಯಿದೆಯಂತೆ ಕಾರ್ಯಾಧಿಕಾರವೆಲ್ಲವೂ ಕಮಿಶನರರಾದ ಆರ್ಥರ್ ಕ್ರಾಫರ್ಡರ ಕೈಯಲ್ಲಿತ್ತು. ಕ್ರಾಫರ್ಡರು ದಕ್ಷರೆಂಬುದರಲ್ಲಿ ಸಂದೇಹವಿಲ್ಲ. ನಗರದ ಕೊಳೆಯನ್ನು ತೆಗೆಸಿದರು, ಇಂದಿಗೂ ಜನರು ಅವರ ಹೆಸರಿನಿಂದಲೇ ಕರೆಯುವ ಮಾರುಕಟ್ಟೆಯನ್ನು ಕಟ್ಟಿಸಿದರು. ಆದರೆ ವೆಚ್ಚವು ಕೈಮೀರಿತು, ತೆರಿಗೆಯ ಹೊರೆ ಬೆಳೆಯಿತು. 1871ರಲ್ಲಿ ಪೌರರು ಸಿಡಿದೆದ್ದರು. ವಯೋವೃದ್ಧರಾದ ನವರೋಜಿ ಫರ್ದೂನ್‌ಜಿಯವರು ಅವರ ಮುಂದಾಳುಗಳಲ್ಲೊಬ್ಬರು. ಒಬ್ಬನ ಅಧಿಕಾರವನ್ನು ಕಿತ್ತು ಒಂದು ಮಂಡಲಿಗೆ ಕೊಡಬೇಕೆಂಬ ಕೂಗೆದ್ದಿತು.

ಆ ವರ್ಷದ ನವಂಬರಿನಲ್ಲಿ ಧೋಬಿ ತಲಾವದ ಫ್ರಾಮ್‌ಜಿ ಕಾವಸ್‌ಜಿ ಸಂಸ್ಥೆಯಲ್ಲಿ ಇಪ್ಪತ್ತಾರರ ತರುಣ ಮೆಹತಾ ಪ್ರಬಂಧವೊಂದನ್ನು ಓದಿದರು. (ಒಂದು ಕಾಲಕ್ಕೆ ಪವಾಯಿಯ ಜಮೀನಿನ ಒಡೆಯರಾಗಿದ್ದ ಫ್ರಾಮ್‌ಜಿಯವರ ಸ್ಮಾರಕವೇ ಆ ಸಂಸ್ಥೆ.) ಕಾರ್ಯಭಾರವು ಒಬ್ಬನಲ್ಲಿಯೇ ಇರಲಿ, ಹಲವರಲ್ಲಿ ಹಂಚಿದರೆ ಹೊಣೆ ಯಾರದೂ ಆಗದು, ದೋಷವಿರುವುದು ಅವನನ್ನು ಲೆಕ್ಕ ಕೇಳಲು ಜನರಾರಿಸಿದ ಸಭೆ ಇಲ್ಲದಿರುವುದರಲ್ಲಿ ಎಂಬುದು ಅವರ ವಾದ. ಸಭಿಕರು ಕೆರಳಿದರು. ಕ್ರಾಫರ್ಡರ ಪಕ್ಷವೆಂದು ತಿಳಿದರೋ ಏನೋ! ಗಲ್ಲೆಯಲ್ಲಿ ನಾಲ್ವರು ಕುಳಿತರೆ ಹಣ ಕಡಿಮೆಯಾದಾಗ ಯಾರನ್ನು ಕೇಳುವುದು? ಒಬ್ಬನೇ ಕೂರಲಿ, ಆದರೆ ರಾತ್ರಿಯ ಲೆಕ್ಕವನ್ನು ಪಾಲುಗಾರರು ನೋಡಲಿ. ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1872ರ ಕಾಯಿದೆಯು 64 ಸದಸ್ಯರ ಸಭೆಯನ್ನು ನಿರ್ಮಿಸಿ, ಅವರಲ್ಲಿ 32 ಮಂದಿಯನ್ನು ತೆರಿಗೆದಾರರೇ ಆರಿಸುವಂತೆ ಮಾಡಿತು. ನಮ್ಮಂಥ ಹೋಟೆಲಿನ ಹುಡುಗರಿಗೂ ಗುಮಾಸ್ತರಿಗೂ ಆಗ ಮತವಿರಲಿಲ್ಲ. ವಯಸ್ಕರೆಲ್ಲರ ಮತದಾನವು 1948ರಲ್ಲಿ ಬಂದಿತು.

1887ರಲ್ಲಿ ಸರಕಾರವು ಕಮಿಶನರನ ಕೈಯನ್ನು ಮತ್ತೆ ಬಲಪಡಿಸುವ ಮಸೂದೆಯನ್ನು ತಂದಾಗ ಪೌರರು ಪ್ರತಿಭಟಿಸಿದರು. ಮೆಹತಾ ಅವರೂ ಕಾಶೀನಾಥ ತ್ರಿಂಬಕ ತೆಲಂಗರೂ ಶಾಸನಸಭೆಯಲ್ಲಿ ಹೋರಾಡಿ ಅದನ್ನು ತಿದ್ದಿಸಿದರು. ಹಾಗೆ ಹೊರಬಂದ 1888ರ ಕಾಯಿದೆಯೇ ಅನೇಕ ತಿದ್ದುಪಡಿಗಳೊಡನೆ ಇಂದಿಗೂ ಮುಂಬಯಿಯನ್ನು ಆಳುತ್ತಿದೆ. ಕಾರ್ಯ ಕಮಿಶನರನದು, ಹಣದ ಮಂಜೂರಿ ಸಭೆಯದು. ಅಧ್ಯಕ್ಷನಿಗೆ 1931ರಲ್ಲಿ ಮೇಯರನೆಂಬ ಹೆಸರು ಬಂದರೂ ಕಾರ್ಯಾಧಿಕಾರ ಬರಲಿಲ್ಲ. 1998ರಲ್ಲಿ ಮೇಯರನಿಗೂ ಅವನ ಮಂಡಲಿಗೂ ಅದನ್ನು ಒಪ್ಪಿಸಿದ ಪ್ರಯೋಗವನ್ನು ಮರುವರ್ಷವೇ ಕೈಬಿಡಲಾಯಿತು.

ಮೆಹತಾ ನಾಲ್ಕು ಬಾರಿ ಅಧ್ಯಕ್ಷರಾದರು. 1890ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನೂ ವಹಿಸಿದರು. ವಿಚಿತ್ರವೆಂದರೆ, ಸಭೆಯೆಲ್ಲವೂ ಇವರೊಬ್ಬರ ಮಾತಿನಂತೆ ನಡೆಯುತ್ತಿದೆಯೆಂಬ ದೂರು ಮುಂದೆ ಇವರ ಮೇಲೆಯೇ ಬಂದಿತು. ಅದರಲ್ಲಿ ಸ್ವಲ್ಪ ಸತ್ಯವೂ ಇದ್ದಿರಬೇಕು. ಆದರೆ 1907ರಲ್ಲಿ ಅವರನ್ನು ಕೆಡವಲು ಹೊರಟವರು ತೆರಿಗೆದಾರರಲ್ಲ. ಪೋಲೀಸ್ ಕಮಿಶನರ್ ಗೆಲ್, ಅಕೌಂಟಂಟ್ ಜನರಲ್ ಹ್ಯಾರಿಸನ್, ಪತ್ರಿಕಾ ಸಂಪಾದಕ ಲೊವಾಟ್ ಫ್ರೇಜರ್ ಮೊದಲಾದ ಆಂಗ್ಲರು. ಜಸ್ಟಿಸರು ಆರಿಸುವ 16 ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ ಮೆಹತಾ ಹದಿನೇಳನೆಯವರಾಗಿ ಸೋತರು. ಮಾಧವಬಾಗಿನಲ್ಲಿ ಪೌರರು ಕಿಕ್ಕಿರಿದು ಸೇರಿ ಖಂಡಿಸಿದರು. ಗೆದ್ದವರಲ್ಲೊಬ್ಬರ ಆಯ್ಕೆ ಅಸಿಂಧುವಾಗಿ, ಆ ಸ್ಥಾನವು ಮೆಹತಾ ಅವರಿಗೇ ದೊರೆಯಿತು.

1915ರ ನವಂಬರ 5ರಂದು ಅವರು ತೀರಿಕೊಂಡರು. ಪ್ರತಿಮೆಯು 1923ರಲ್ಲಿ ನಿಂತಿತು.