ಗಾಂಧಿ ಮೆಚ್ಚಿದ ಮೆಷಿನ್, ಗಾಂಧಿಗೆ ಗೊತ್ತಿರದ ಸಿಂಗರ್

ಕಳೆದ ಮೇ ತಿಂಗಳಲ್ಲಿ ಮಲ್ಪೆಯಿಂದ ಅಣ್ಣನ ಫೋನ್ ಬಂತು. ಅಣ್ಣ ಅಂದರೆ ದೊಡ್ಡಮ್ಮನ ಮಗ, ಬಸ್ಸು ಆಟೋಗಳ ಸೀಟು ಹೊಲಿಯುವ ಸಣ್ಣದೊಂದು ಕುಶನ್ ವರ್ಕ್ಸ್ ನಡೆಸುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಬೋಟುಗಳೆಲ್ಲ ದಡ ಸೇರಿ ರಿಪೇರಿಗೆ ನಿಂತಿರುತ್ತವೆ. ಸೀಟು, ಬಿಸಿಲಿನ ಹೊದಿಕೆ, ಟರ್ಪಾಲು ಎಲ್ಲ ಹೊಲಿಸಿಕೊಳ್ಳುವ ಹೊತ್ತು ಅದು. ಆ ಕೆಲಸ ಹಿಡಿಯಲಿಕ್ಕೆ ಹೊಸ ಮೆಷಿನ್ ತಗೋಬೇಕು, ನೀನು ಎಂಜಿನಿಯರ್ ಅಲ್ವಾ, ಬಂದು ಆರಿಸಿಕೊಡು ಅಂದ. ನಾನು ಮೆಕ್ಯಾನಿಕಲ್ ಓದಿದ್ದು ನಿಜ. ಥರ್ಮೋಡೈನಮಿಕ್ಸ್ ಎರಡನೇ ಸಲಕ್ಕೆ ಪಾಸಾಗಿದ್ದೂ ನಿಜ. ಹೋದೆ.

ಅವನ ಹಳೇ ಕಥೆ ಹೀಗೆ. ಒಂದು ಅಂಗಡಿಯವನು ಮಾಮೂಲಿ ಟೈಲರ್ ಮೆಷಿನ್ನೇ ಕೊಟ್ಟು, ಇದರಲ್ಲಿ ಟರ್ಪಾಲೂ ಆಗುತ್ತೆ ಅಂತ ನಂಬಿಸಿ ಕಳಿಸಿದ್ದ. ಆ ಮೆಷಿನ್‌ನಲ್ಲಿ ಬಟ್ಟೆಯನ್ನು ಮುಂದಕ್ಕೆ ತಳ್ಳುವುದು ಕೆಳಗಿರುವ ಹಲ್ಲು ಮಾತ್ರ. ಶರ್ಟಿಗೆ ಅಷ್ಟು ಸಾಕು. ನಾಲ್ಕು ಪದರ ರೆಕ್ಸಿನ್ ಇಟ್ಟರೆ ಕೆಳಗಿನ ಪದರ ಹೋಗುತ್ತೆ, ಮೇಲಿನದು ಅಂಟಿಕೊಂಡು ಅಲ್ಲೇ ನಿಲ್ಲುತ್ತೆ, ಹೊಲಿಗೆ ಮುಗಿಯುವಷ್ಟರಲ್ಲಿ ಎರಡಂಚೂ ಹೊಂದೋದಿಲ್ಲ. ಬೋಟಿನ ಕೆಲಸಕ್ಕೆ ಬೇಕಿರೋದು ವಾಕಿಂಗ್ ಫೂಟ್ ಮೆಷಿನ್. ಅದರಲ್ಲಿ ಮೇಲಿನ ಪಾದವೂ ನಡೆಯುತ್ತೆ. ಕಾಂಪೌಂಡ್ ಫೀಡ್ ಆದರೆ ಸೂಜಿಯೂ ಬಟ್ಟೆಗೆ ಚುಚ್ಚಿಕೊಂಡೇ ಜೊತೆಗೆ ಹೆಜ್ಜೆ ಹಾಕುತ್ತೆ, ಪದರ ಜಾರೋ ಮಾತೇ ಇಲ್ಲ. ದಾರ ಹತ್ತಿಯದ್ದಾದರೆ ಉಪ್ಪುನೀರಿಗೆ ಕೊಳೆಯುತ್ತೆ, ನೈಲಾನ್ ಬಿಸಿಲಿಗೆ ಬೇಗ ಸೋಲುತ್ತೆ. ಪಾಲಿಯೆಸ್ಟರೇ ಬೇಕು, ಅದೂ ದಪ್ಪದ್ದು. ದಾರಕ್ಕೆ ತಕ್ಕ ಸೂಜಿ, 18ರಿಂದ 22ನೇ ನಂಬರಿನದು.

ಇದನ್ನೆಲ್ಲ ವಿಚಾರಿಸುತ್ತ ಸೆಕೆಂಡ್ ಹ್ಯಾಂಡ್ ಮೆಷಿನ್‌ಗಳ ಒಂದು ಗೋದಾಮಿಗೆ ಹೋದೆವು. ಧೂಳು ಹಿಡಿದ ಮೂಲೆಯಲ್ಲಿ ಸಿಂಗರ್ 111 ಸರಣಿಯ ಒಂದು ಭಾರೀ ಮೆಷಿನ್ ಕೂತಿತ್ತು. ನನಗೆ ನೆನಪಾಗಿದ್ದು ಗಾಂಧಿ.

1924ರಲ್ಲಿ ದೆಹಲಿಯಲ್ಲಿ ರಾಮಚಂದ್ರನ್ ಎಂಬ ಶಾಂತಿನಿಕೇತನದ ವಿದ್ಯಾರ್ಥಿ ಗಾಂಧಿಯವರನ್ನು ಯಂತ್ರಗಳ ಬಗ್ಗೆ ಪಟ್ಟು ಹಿಡಿದು ಕೇಳಿದ್ದ. ಆ ಮಾತುಕತೆ ಅದೇ ನವೆಂಬರ್‌ನಲ್ಲಿ ಯಂಗ್ ಇಂಡಿಯಾದಲ್ಲಿ ಬಂತು. ಗಾಂಧಿ ತಾವು ಯಂತ್ರದ ವಿರೋಧಿಯಲ್ಲ, ಯಂತ್ರದ ಹುಚ್ಚಿನ ವಿರೋಧಿ ಎಂದು ಬಿಡಿಸಿ ಹೇಳುತ್ತ, ಒಂದು ಯಂತ್ರಕ್ಕೆ ರಿಯಾಯಿತಿ ಕೊಟ್ಟರು. ಅದು ಸಿಂಗರ್ ಹೊಲಿಗೆ ಯಂತ್ರ. ಅವರು ಕೊಟ್ಟ ಕಾರಣ ಚೆನ್ನಾಗಿದೆ: ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಅದನ್ನು ಮಾಡಿದನಂತೆ. ಈ ಮಾತುಕತೆಯನ್ನು ನಾನು ಕಾಲೇಜಿನಲ್ಲೇ ಓದಿದ್ದೆ, ನಂಬಿಯೂ ಇದ್ದೆ. ಆಮೇಲೆ ಸಿಂಗರ್ ಬದುಕನ್ನು ಓದಿದೆ.

ಐಸಾಕ್ ಮೆರಿಟ್ ಸಿಂಗರ್ ಹುಟ್ಟಿದ್ದು 1811ರ ಅಕ್ಟೋಬರ್ 27ರಂದು, ನ್ಯೂಯಾರ್ಕ್ ರಾಜ್ಯದ ಪಿಟ್ಸ್‌ಟೌನ್‌ನಲ್ಲಿ. ಜರ್ಮನಿಯಿಂದ ವಲಸೆ ಬಂದ ಅಪ್ಪನ ಬಡ ಮನೆ. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಅಪ್ಪ ಅಮ್ಮ ಬೇರೆಯಾದರು. ಹದಿಹರೆಯಕ್ಕೆ ಬರುವಷ್ಟರಲ್ಲಿ ಮನೆ ಬಿಟ್ಟ, ಅಣ್ಣನ ಜೊತೆ ಸೇರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತ. ಆದರೆ ಮನಸ್ಸೆಲ್ಲ ನಾಟಕದಲ್ಲಿ. ಎತ್ತರದ ಆಳು, ಗಟ್ಟಿ ದನಿ. ಊರೂರು ತಿರುಗುವ ಕಂಪನಿ ನಾಟಕಗಳಲ್ಲಿ ಪಾತ್ರ ಮಾಡುವುದು, ಕಾಸು ಖಾಲಿಯಾದಾಗ ಲೇತ್ ಮುಂದೆ ನಿಲ್ಲುವುದು. ನಮ್ಮ ಕಡೆ ಇಂಥವರನ್ನು ಎರಡು ದೋಣಿಯಲ್ಲಿ ಕಾಲಿಟ್ಟವರು ಅಂತಾರೆ. ಇವನು ಹಾಗೇ ದಾಟಿಬಿಟ್ಟ.

1830ರಲ್ಲಿ ಕ್ಯಾಥರೀನ್ ಹೇಲಿಯನ್ನು ಮದುವೆಯಾದ, ಎರಡು ಮಕ್ಕಳಾದವು. ತಿರುಗಾಟದಲ್ಲಿ ಬಾಲ್ಟಿಮೋರಿನ ಮೇರಿ ಆ್ಯನ್ ಸ್ಪಾನ್ಸ್ಲರ್ ಎಂಬ ಹುಡುಗಿ ಪರಿಚಯವಾಯಿತು. ಮೊದಲ ಮದುವೆ ಮುರಿಯದೇನೇ ಆಕೆಯ ಜೊತೆ ಸಂಸಾರ ಹೂಡಿದ. ಮೇರಿ ಆ್ಯನ್ ಅವನ ಜೊತೆ ರಂಗದ ಮೇಲೂ ನಿಂತಳು, ಹತ್ತು ಮಕ್ಕಳನ್ನೂ ಹೆತ್ತಳು, ಒಂದಲ್ಲ ಒಂದು ದಿನ ಮದುವೆಯಾಗುತ್ತಾನೆಂದು ಕಾದಳು.

1839ರಲ್ಲಿ ಇಲಿನಾಯ್‌ನಲ್ಲಿ ಕಾಲುವೆ ಕೆಲಸ ಮಾಡುತ್ತಿದ್ದಾಗ ಬಂಡೆ ಕೊರೆಯುವ ಯಂತ್ರವೊಂದನ್ನು ಕಟ್ಟಿ ಪೇಟೆಂಟ್ ಪಡೆದ. 2,000 ಡಾಲರಿಗೆ ಮಾರಿದ. ಆ ದುಡ್ಡಲ್ಲಿ ಬೇರೆ ಯಾರಾದರೂ ವರ್ಕ್‌ಶಾಪ್ ಹಾಕುತ್ತಿದ್ದರು, ಇವನು ನಾಟಕ ಕಂಪನಿ ಕಟ್ಟಿದ. ಐದು ವರ್ಷದೊಳಗೆ ದುಡ್ಡೂ ಹೋಯಿತು, ಕಂಪನಿಯೂ ಹೋಯಿತು. ಮತ್ತೆ ಯಂತ್ರದ ಕಡೆ ತಿರುಗಿ, ಅಚ್ಚಿನ ಮರದ ಅಕ್ಷರ ಕೆತ್ತುವ ಮೆಷಿನ್ ಮಾಡಿ 1849ರಲ್ಲಿ ಪೇಟೆಂಟ್ ಮಾಡಿಸಿದ. ನ್ಯೂಯಾರ್ಕಿನ ವರ್ಕ್‌ಶಾಪಿನಲ್ಲಿ ಬಾಯ್ಲರ್ ಸಿಡಿದು ಅದೂ ಪುಡಿಯಾಯಿತು. ವಯಸ್ಸು ಮೂವತ್ತೆಂಟು, ಮನೆ ತುಂಬ ಮಕ್ಕಳು, ಕೈಯಲ್ಲಿ ಏನೂ ಇಲ್ಲ.

ಜಾರ್ಜ್ ಜೀಬರ್ ಎಂಬ ಪ್ರಕಾಶಕ ದುಡ್ಡು ಹಾಕಿದ್ದರಿಂದ 1850ರಲ್ಲಿ ಕೆತ್ತನೆ ಯಂತ್ರದ ಹೊಸ ಮಾದರಿಯ ಸಮೇತ ಬಾಸ್ಟನ್‌ಗೆ ಬಂದ. ಆರ್ಸನ್ ಫೆಲ್ಪ್ಸ್ ಎಂಬುವನ ವರ್ಕ್‌ಶಾಪಿನಲ್ಲಿ ಜಾಗ ಸಿಕ್ಕಿತು. ಕೆತ್ತನೆ ಯಂತ್ರ ಕೊಳ್ಳುವವರೇ ಇಲ್ಲ. ಫೆಲ್ಪ್ಸ್ ಮಾತ್ರ ಅಲ್ಲಿ ಲೆರೋ ಮತ್ತು ಬ್ಲಾಜೆಟ್ ಹೆಸರಿನ ಹೊಲಿಗೆ ಯಂತ್ರ ತಯಾರಿಸುತ್ತಿದ್ದ. ಪದೇ ಪದೇ ಕೆಟ್ಟು ರಿಪೇರಿಗೆ ವಾಪಸ್ ಬರುತ್ತಿದ್ದವು. ನೋಡು, ಇದನ್ನು ಸರಿಮಾಡೋಕಾಗುತ್ತಾ ಅಂತ ಸಿಂಗರ್‌ಗೆ ಕೇಳಿದರು. ಹೊಲಿಗೆ ಯಂತ್ರವೆಂದರೆ ಅವನಿಗೆ ಮೊದಲು ತಾತ್ಸಾರವೇ ಇತ್ತಂತೆ. ಮನಸ್ಸು ಬದಲಾಯಿಸಿದ್ದು ಹೆಂಡತಿಯ ದಣಿವು ಅಲ್ಲ, ದುಡ್ಡು. ಅದನ್ನವನು ಮುಚ್ಚಿಟ್ಟವನೂ ಅಲ್ಲ.

ಅವನು ಮಾಡಿದ್ದೇನು ಅನ್ನೋದು ನನ್ನಂಥವರಿಗೆ ಖುಷಿ ಕೊಡುವ ಭಾಗ. ಹಳೇ ಯಂತ್ರದಲ್ಲಿ ಶಟಲ್ ಗುಂಡಗೆ ಸುತ್ತುತ್ತಿತ್ತು, ಪ್ರತಿ ಸುತ್ತಿಗೂ ದಾರದ ಹುರಿ ಕೆಡುತ್ತಿತ್ತು. ಸಿಂಗರ್ ಅದನ್ನು ಹಿಂದಕ್ಕೂ ಮುಂದಕ್ಕೂ ನೇರವಾಗಿ ಓಡಿಸಿದ. ಬಾಗಿದ ಸೂಜಿ ತೆಗೆದು ನೆಟ್ಟಗಿನ ಸೂಜಿಯನ್ನು ಮೇಲಿಂದ ಕೆಳಕ್ಕೆ ಇಳಿಸಿದ. ಬಟ್ಟೆಗೆ ಮಟ್ಟಸ ಮೇಜು, ಬಟ್ಟೆ ಏಳದಂತೆ ಒತ್ತಿ ಹಿಡಿಯಲು ಒಂದು ಪಾದ, ಕೆಳಗಿನಿಂದ ನಿಲ್ಲದೆ ತಳ್ಳುವ ಚಕ್ರ. ಜೀಬರ್‌ನಿಂದ ತಂದ 40 ಡಾಲರ್, ಹನ್ನೊಂದು ದಿನ. ಹನ್ನೊಂದನೇ ರಾತ್ರಿ ಜೋಡಿಸಿ ನೋಡಿದರೆ ಹೊಲಿಗೆ ಸಡಿಲ, ಬಟ್ಟೆಯ ಮೇಲ್ಗಡೆ ದಾರ ಕುಣಿಕೆ ಕುಣಿಕೆ. ಬೇಸರದಿಂದ ಇಬ್ಬರೂ ವಾಪಸ್ ಹೊರಟರು. ದಾರಿಯಲ್ಲಿ ಆ ಕುಣಿಕೆಗಳ ಬಗ್ಗೆ ಜೀಬರ್ ಕೇಳಿದಾಗ ಸಿಂಗರ್‌ಗೆ ಹೊಳೆಯಿತು: ಸೂಜಿ ದಾರಕ್ಕೆ ಟೆನ್ಷನ್ ಕೊಟ್ಟೇ ಇಲ್ಲ. ವಾಪಸ್ ಓಡಿ ಬಿಗಿ ಮಾಡಿದ, ಐದು ಹೊಲಿಗೆ ಸರಿಯಾಗಿ ಬಿದ್ದವು. ಇದು ಸಿಂಗರ್ ತಾನೇ ಹೇಳಿಕೊಂಡ ಕಥೆ, ನಟನ ಬಾಯಿಂದ ಬಂದದ್ದು, ಸ್ವಲ್ಪ ಉಪ್ಪು ಖಾರ ಇದ್ದೀತು. ಆದರೆ ಇವತ್ತಿಗೂ ಯಾವ ಮೆಷಿನ್ ಹತ್ತಿರ ಹೋದರೂ ಅಣ್ಣ ಮೊದಲು ತಿರುಗಿಸೋದು ಅದೇ ಟೆನ್ಷನ್ ಸ್ಕ್ರೂ.

1851ರ ಆಗಸ್ಟ್ 12ರಂದು ಪೇಟೆಂಟ್ ಸಿಕ್ಕಿತು, ನಂಬರ್ 8294. ಒಂದು ತಮಾಷೆಯೂ ಇದೆ. ಮೆಷಿನ್ ಕಳಿಸುತ್ತಿದ್ದ ಮರದ ಪೆಟ್ಟಿಗೆಯನ್ನೇ ಸ್ಟ್ಯಾಂಡ್ ಮಾಡಿ, ಅದಕ್ಕೆ ಕಾಲಲ್ಲಿ ತುಳಿಯುವ ಪೆಡಲ್ ಜೋಡಿಸಿದ್ದ. ಅದನ್ನೂ ಪೇಟೆಂಟ್ ಮಾಡಿಸಬಹುದಿತ್ತು ಅಂತ ಹೊಳೆಯುವಷ್ಟರಲ್ಲಿ ಕಾಲ ಮೀರಿತ್ತು.

ದುಡ್ಡಿನ ವಾಸನೆ ಬಂದ ಮೇಲೆ ಪಾಲುದಾರರು ಒಬ್ಬೊಬ್ಬರಾಗಿ ಹೊರಬಿದ್ದರು. ಫೆಲ್ಪ್ಸ್ ಪಾಲನ್ನು ಬಿಡಿಸಿಕೊಂಡರು. ಜೀಬರ್ ಕಾಯಿಲೆ ಮಲಗಿದ್ದಾಗ ಸಿಂಗರ್ ಬಂದು, ಡಾಕ್ಟರ್ ಪ್ರಕಾರ ನೀನು ಉಳಿಯೋದಿಲ್ಲ ಅಂತ ಹೆದರಿಸಿ, 6,000 ಡಾಲರಿಗೆ ಪಾಲು ಬರೆಸಿಕೊಂಡನಂತೆ. ಹೀಗೆಂದು ಬರೆದಿಟ್ಟವನು ಜೀಬರೇ, ಯಾಕಂದರೆ ಅವನು ಬದುಕಿಕೊಂಡ. ಸ್ಟಾರ್ಟಪ್ ಸ್ಥಾಪಕರ ಜಗಳಗಳನ್ನು ವೆಬ್ ಸೀರೀಸ್ ಥರ ನೋಡುವ ನಮ್ಮ ತಲೆಮಾರಿಗೆ ಇದೇನು ಹೊಸದಲ್ಲ ಬಿಡಿ.

ಉಳಿದವನು ಎಡ್ವರ್ಡ್ ಕ್ಲಾರ್ಕ್, ವಕೀಲ. ಅವನು ಬಂದದ್ದೇ ಒಂದು ಕೇಸಿನಿಂದ. ಸೂಜಿಯ ಮೊನೆಯಲ್ಲಿ ಕಣ್ಣು, ಕೆಳಗಿನಿಂದ ಶಟಲ್ ದಾರ, ಎರಡೂ ಸೇರಿ ಬೀಗದಂತೆ ಕೂರುವ ಹೊಲಿಗೆ: ಇದಕ್ಕೆ 1846ರಲ್ಲೇ ಎಲಿಯಾಸ್ ಹೋವ್ ಪೇಟೆಂಟ್ ಪಡೆದಿದ್ದ. ಗಾಂಧಿ ಕೇಳಿದ್ದ ಕಥೆ ಈ ಹೋವ್‌ಗೆ ಹೆಚ್ಚು ಹೊಂದುತ್ತದೆ. ಬಡ ಮೆಕ್ಯಾನಿಕ್ಕು, ಹೆಂಡತಿ ಎಲಿಜಬೆತ್ ರಾತ್ರಿ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಯಂತ್ರ ಮಾರಲು ಇಂಗ್ಲೆಂಡಿಗೆ ಹೋಗಿ ಬರಿಗೈಯಲ್ಲಿ ವಾಪಸಾದಾಗ ಆಕೆ ಕ್ಷಯದಿಂದ ಸಾಯುವ ಸ್ಥಿತಿಯಲ್ಲಿದ್ದಳು. ಹೆಂಡತಿಯ ಅಂತ್ಯಕ್ರಿಯೆಗೆ ಹಾಕಿಕೊಳ್ಳಲು ಕೋಟನ್ನೂ ಎರವಲು ತಂದನಂತೆ. ಹೋವ್ ಸಿಂಗರ್ ಮೇಲೆ ದಾವೆ ಹೂಡಿದ. ಅದಕ್ಕೂ ಮುಂಚೆ, 1830ರ ದಶಕದಲ್ಲೇ, ವಾಲ್ಟರ್ ಹಂಟ್ ಎಂಬುವನು ಅದೇ ಹೊಲಿಗೆ ಹಾಕುವ ಯಂತ್ರ ಮಾಡಿದ್ದ ಅಂತ ಸಿಂಗರ್ ಕಡೆಯವರು ಹುಡುಕಿ ತಂದರು. ಹಂಟ್ ಪೇಟೆಂಟ್ ಮಾಡಿಸಿರಲಿಲ್ಲ. ಹೊಲಿಗೆಯ ಹೆಣ್ಣುಮಕ್ಕಳ ಕೆಲಸ ಹೋಗುತ್ತೆ ಅಂತ ಅವನ ಮಗಳೇ ಹಿಂಜರಿದಳು ಅನ್ನುವ ಮಾತಿದೆ. 1854ರಲ್ಲಿ ಹೋವ್ ಗೆದ್ದ, ಸಿಂಗರ್ ಕಂಪನಿ 15,000 ಡಾಲರ್ ಕೊಟ್ಟಿತು. 1856ರಲ್ಲಿ ದೊಡ್ಡ ಕಂಪನಿಗಳು ಮತ್ತು ಹೋವ್ ಸೇರಿ ತಮ್ಮ ಪೇಟೆಂಟ್‌ಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿಕೊಂಡರು. ಬೇರೆ ಯಾರೇ ಹೊಲಿಗೆ ಯಂತ್ರ ಮಾಡಿದರೂ ಇವರಿಗೆ ಕಪ್ಪ ಕಟ್ಟಬೇಕು. 1877ರವರೆಗೆ ಇದು ನಡೆಯಿತು.

ಅದೇ 1856ರಲ್ಲಿ ಕ್ಲಾರ್ಕ್ ಇನ್ನೊಂದು ಚಾಲಾಕಿ ಮಾಡಿದ. ಮೆಷಿನ್ ಬೆಲೆ 100 ಡಾಲರಿಗೂ ಮೇಲೆ, ಸಾಧಾರಣ ಕುಟುಂಬದ ವರ್ಷದ ಆದಾಯ ಸುಮಾರು 500. ಸ್ವಲ್ಪ ಮುಂಗಡ ಕೊಟ್ಟು ಮನೆಗೆ ಒಯ್ಯಿರಿ, ಉಳಿದದ್ದು ತಿಂಗಳ ಕಂತಿನಲ್ಲಿ ಕಟ್ಟಿರಿ. ಕಟ್ಟದಿದ್ದರೆ ಮೆಷಿನ್ ವಾಪಸ್. ನಮ್ಮ ಇಎಂಐನ ಮುತ್ತಜ್ಜ ಇವನೇ. ಸಿಂಗರ್‌ನ ನಾಟಕದ ಅನುಭವ ಕೆಲಸಕ್ಕೆ ಬಂದದ್ದು ಪ್ರಚಾರದಲ್ಲಿ: ಜಾತ್ರೆ, ಪ್ರದರ್ಶನಗಳಲ್ಲಿ ನಿಂತು ಹೊಲಿದು ತೋರಿಸುವುದು, ಬ್ರಾಡ್‌ವೇ ಅಂಗಡಿಯ ಕಿಟಕಿಯಲ್ಲಿ ಹುಡುಗಿಯರನ್ನು ಕೂರಿಸಿ ಹೊಲಿಸುವುದು. ಹೆಂಗಸರಿಗೆ ಯಂತ್ರ ನಡೆಸಲು ಬರಲ್ಲ ಅಂತ ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ, ಉದ್ದೇಶ ಏನೇ ಇರಲಿ.

ಕೈಯಲ್ಲಿ ಹದಿನಾಲ್ಕು ಗಂಟೆ ಹಿಡಿಯುತ್ತಿದ್ದ ಗಂಡಸರ ಶರ್ಟು ಮೆಷಿನ್‌ನಲ್ಲಿ ಒಂದೂಕಾಲು ಗಂಟೆಗೆ ಮುಗಿಯತೊಡಗಿತು. ಉಳಿದ ಗಂಟೆಗಳು ಕೂಲಿಗೆ ಹೊಲಿಯುತ್ತಿದ್ದ ಹೆಂಗಸರಿಗೆ ಸಿಗಲಿಲ್ಲ. ಪೀಸ್ ರೇಟ್ ಇಳಿಯಿತು, ಪೀಸುಗಳು ಹೆಚ್ಚಿದವು. ಪೀಣ್ಯದ ಗಾರ್ಮೆಂಟ್ಸ್ ಗೇಟಿನ ಮುಂದೆ ಸಂಜೆ ಒಮ್ಮೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.

ಮೇರಿ ಆ್ಯನ್ ಕಾದದ್ದು ಸುಳ್ಳಾಯಿತು. 1860ರಲ್ಲಿ ಮೊದಲ ಹೆಂಡತಿಯಿಂದ ವಿಚ್ಛೇದನ ಸಿಕ್ಕರೂ ಸಿಂಗರ್ ಮದುವೆಯಾಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಫಿಫ್ತ್ ಅವೆನ್ಯೂದಲ್ಲಿ ಅವನು ಮತ್ತೊಬ್ಬ ಮೇರಿಯ ಜೊತೆ ಸಾರೋಟಿನಲ್ಲಿ ಹೋಗುವುದನ್ನು ಆಕೆ ಕಣ್ಣಾರೆ ಕಂಡಳು. ಆ ಮೇರಿಗೂ ಅವನಿಂದ ಮಕ್ಕಳಿದ್ದವು, ಮೂರನೇ ಮೇರಿಯೊಬ್ಬಳಿಗೂ ಒಬ್ಬ ಮಗಳಿದ್ದಳು. ಮನೆಯಲ್ಲಿ ಜಗಳವಾಗಿ ಮೇರಿ ಆ್ಯನ್‌ಗೂ ಮಗಳಿಗೂ ಹೊಡೆದ. ಪೊಲೀಸರು ಹಿಡಿದರು, ಬಿಡಿಸಿಕೊಂಡು ಯೂರೋಪಿಗೆ ಹಾರಿದ. ಕ್ಲಾರ್ಕ್‌ಗೆ ಇದು ಮಾನಕ್ಕಿಂತ ವ್ಯಾಪಾರದ ತಲೆನೋವು. ಮೆಷಿನ್ ಕೊಳ್ಳುತ್ತಿದ್ದದ್ದು ಸಂಸಾರಸ್ಥರಲ್ಲವೇ? 1863ರಲ್ಲಿ ಪಾಲುದಾರಿಕೆ ಮುರಿದು ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. ಒಬ್ಬರು ಬದುಕಿರುವವರೆಗೆ ಇನ್ನೊಬ್ಬರು ಅಧ್ಯಕ್ಷರಾಗಬಾರದು ಅನ್ನುವ ಕರಾರಿನ ಜೊತೆ. ಕ್ಲಾರ್ಕ್ ಮುಂದೆ ನ್ಯೂಯಾರ್ಕಿನಲ್ಲಿ ಡಕೋಟಾ ಎಂಬ ಅಪಾರ್ಟ್‌ಮೆಂಟ್ ಕಟ್ಟಿಸಿದ, ನೂರು ವರ್ಷದ ಮೇಲೆ ಜಾನ್ ಲೆನನ್ ಸತ್ತದ್ದು ಅದರ ಬಾಗಿಲಲ್ಲಿ.

ಅದೇ ವರ್ಷ ಸಿಂಗರ್ ಇಸಾಬೆಲ್ಲಾ ಬೋಯರ್ ಎಂಬಾಕೆಯನ್ನು ಮದುವೆಯಾದ, ಕೊನೆಗೆ ಇಂಗ್ಲೆಂಡಿನ ಡೆವನ್ ಕಡಲ ತೀರದ ಪೇಂಟನ್‌ನಲ್ಲಿ ನೆಲೆಸಿ ದೊಡ್ಡ ಬಂಗಲೆ ಕಟ್ಟಿಸತೊಡಗಿದ. ಅದರೊಳಗೇ ಒಂದು ರಂಗಮಂದಿರ. ಕಟ್ಟಡ ಮುಗಿಯುವ ಮೊದಲೇ, 1875ರ ಜುಲೈ 23ರಂದು ತೀರಿಕೊಂಡ. ಐವರು ಹೆಂಗಸರು, ಎರಡು ಡಜನ್‌ನಷ್ಟು ಮಕ್ಕಳು, 1.3 ಕೋಟಿ ಡಾಲರಿಗೂ ಮೀರಿದ ಆಸ್ತಿ, ಅದಕ್ಕೆ ತಕ್ಕ ಕೋರ್ಟು ಕಚೇರಿ.

ಗಾಂಧಿಗೆ ಯಾರು ಆ ಪ್ರೀತಿಯ ಕಥೆ ಹೇಳಿದರೋ. ಆದರೆ ಅದೇ ಮಾತುಕತೆಯಲ್ಲಿ ರಾಮಚಂದ್ರನ್ ಇನ್ನೊಂದು ಪ್ರಶ್ನೆ ಹಾಕಿದ್ದ: ಹೊಲಿಗೆ ಯಂತ್ರ ಬೇಕೆಂದರೆ ಅದನ್ನು ಮಾಡುವ ಕಾರ್ಖಾನೆಯೂ ಬೇಕಲ್ಲ? ಬೇಕು, ಆದರೆ ಅಂಥ ಕಾರ್ಖಾನೆ ಸರ್ಕಾರದ ಕೈಯಲ್ಲಿರಬೇಕು ಎಂಬ ಅರ್ಥದ ಉತ್ತರ ಕೊಟ್ಟರು ಗಾಂಧಿ. ಅಷ್ಟರಲ್ಲಿ ಅದು ಒಂದು ಕಡೆ ಆಗಿಯೇ ಹೋಗಿತ್ತು, ರಷ್ಯಾದ ಪೊಡೊಲ್ಸ್ಕ್‌ನ ಸಿಂಗರ್ ಕಾರ್ಖಾನೆಯನ್ನು ಕ್ರಾಂತಿಯ ನಂತರ ರಾಷ್ಟ್ರೀಕರಣ ಮಾಡಿದ್ದರು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ 1911ರಲ್ಲಿ ಪಾಲಿಶ್ ಕೆಲಸದ ಕೆಲವು ಹೆಂಗಸರ ಮೇಲೆ ಹೆಚ್ಚುವರಿ ಕೆಲಸ ಹೇರಿದ್ದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಮುಷ್ಕರ ಮಾಡಿದರು, ಸೋತರು. ಮುಂದೆ ನಿಂತವರನ್ನು ಕಂಪನಿ ಹೊರಹಾಕಿತು. ವ್ಯಕ್ತಿಯ ವಿಷಯದಲ್ಲಿ ಗಾಂಧಿ ತಪ್ಪಿದರು. ಕಾರ್ಖಾನೆ ಯಾರದ್ದು ಅನ್ನುವ ಪ್ರಶ್ನೆಯಲ್ಲಿ ತಪ್ಪಿದರು ಅಂತ ನನಗನ್ನಿಸಲ್ಲ.

ಗೋದಾಮಿನ ಆ 111ನ್ನು ಅಣ್ಣ ಕೈಯಲ್ಲೇ ಚಕ್ರ ತಿರುಗಿಸಿ ನೋಡಿದ. ಪಾದಗಳೆರಡೂ ಒಂದಾದ ಮೇಲೊಂದು ಹೆಜ್ಜೆ ಇಡುತ್ತಿದ್ದವು, ಸೂಜಿಯೂ ಜೊತೆಗೆ. ಹುಕ್ ಮಾತ್ರ ಸವೆದಿತ್ತು. ಹಳೇ ಕ್ಲಚ್ ಮೋಟಾರ್ ಕಾಲಿಟ್ಟ ಕೂಡಲೇ ಓಡುತ್ತೆ, ಬೋಟಿನ ಸೀಟಿನ ಮೂಲೆ ತಿರುಗಿಸಲು ನಿಧಾನ ಬೇಕು, ಸರ್ವೋ ಮೋಟಾರ್ ಹಾಕಿಸು ಅಂದೆ. ಹುಕ್ಕು, ಮೋಟಾರು ಸೇರಿಸಿ ಅವನು ಮೊಬೈಲಿನಲ್ಲಿ ಲೆಕ್ಕ ಹಾಕಿದ. ಹನ್ನೆರಡು ಕಂತು ಅಂದ. ಜೂನ್ ಎರಡನೇ ವಾರ ಮಳೆಯಲ್ಲೇ ಟೆಂಪೋದಲ್ಲಿ ಅದನ್ನು ಮಲ್ಪೆಗೆ ಸಾಗಿಸಿದೆವು.