ರೂಲ್ ಬುಕ್‌ ಬರೆಯದೇ ಬಿಟ್ಟಿದ್ದನ್ನು ಓದಿದ ಮೆಕ್ಯಾನಿಕ್: ಯಾರು ಈ ‘ಪಾಪ್ಸ್’ ಯೋಶಿಮುರಾ?

ಬೈಕ್ ಸೈಲೆನ್ಸರ್ ಮೇಲೆ ‘ಯೋಶಿಮುರಾ’ ಅನ್ನೋ ಹೆಸರನ್ನು ನಮ್ಮ ಕಡೆ ಹುಡುಗರೂ ನೋಡಿರ್ತಾರೆ. ಅದರಲ್ಲಿ ಅಸಲಿಗಿಂತ ನಕಲಿಯೇ ಜಾಸ್ತಿ, ಆ ಮಾತು ಬೇರೆ. ಆದ್ರೆ ಅದು ಒಬ್ಬ ಮನುಷ್ಯನ ಹೆಸರು, ಆತ ಒಂದು ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಿಡೆಯೊ ಯೋಶಿಮುರಾ ಹುಟ್ಟಿದ್ದು 1922ರಲ್ಲಿ, ಜಪಾನಿನ ಫುಕುವೊಕಾದಲ್ಲಿ. ವಿಮಾನ ಹಾರಿಸಬೇಕು ಅಂತ ಹದಿಹರೆಯದಲ್ಲೇ ನೌಕಾಪಡೆಯ ತರಬೇತಿಗೆ ಸೇರಿದವರು. ಪ್ಯಾರಾಚೂಟ್ ತರಬೇತಿಯಲ್ಲಿ ಪೆಟ್ಟು ಬಿದ್ದು ಪೈಲಟ್ ಆಗೋ ಆಸೆ ಅಲ್ಲಿಗೇ ಮುಗಿಯಿತು. ಕೈಗೆ ಸಿಕ್ಕಿದ್ದು ವಿಮಾನದ ಎಂಜಿನ್ ಕೆಲಸ. ಯುದ್ಧದಲ್ಲಿ ಜಪಾನ್ ಸೋತ ಮೇಲೆ ವಿಮಾನವೂ ಇಲ್ಲ, ಕೆಲಸವೂ ಇಲ್ಲ. ಅಲ್ಲೇ ಹತ್ತಿರದ ಇಟಾಜುಕೆ ವಾಯುನೆಲೆಯಲ್ಲಿದ್ದ ಅಮೆರಿಕದ ಸೈನಿಕರು ಮೋಟಾರ್‌ಸೈಕಲ್ ಓಡಿಸೋ ಶೋಕಿಯವರು. ನಿನ್ನೆ ಮೊನ್ನೆವರೆಗೆ ಶತ್ರುಗಳಾಗಿದ್ದವರ ಬೈಕ್‌ಗಳನ್ನೇ ರಿಪೇರಿ ಮಾಡ್ತಾ, ಸ್ಪೀಡ್ ಏರಿಸಿ ಕೊಡ್ತಾ ಹೊಟ್ಟೆ ಹೊರೆದರು. 1954ರಲ್ಲಿ ಸ್ವಂತ ವರ್ಕ್‌ಶಾಪ್ ಆಯಿತು. ಅಮೆರಿಕದವರ ಬಾಯಲ್ಲಿ ಅವರು ‘ಪಾಪ್ಸ್’ ಆದರು. ನಮ್ಮಲ್ಲಿ ಹಿರಿಯರನ್ನ ಅಪ್ಪಯ್ಯ ಅಂದ ಹಾಗೆ.

ಕ್ಯಾಮ್‌ಶಾಫ್ಟ್ ಅನ್ನೋದು ಎಂಜಿನ್‌ನ ವಾಲ್ವ್ ಯಾವಾಗ ತೆರೀಬೇಕು, ಎಷ್ಟು ತೆರೀಬೇಕು ಅಂತ ಹೇಳೋ ಭಾಗ. ಅದನ್ನ ಪಾಪ್ಸ್ ಕೈಯಲ್ಲೇ ಉಜ್ಜಿ ಆಕಾರ ಕೊಡ್ತಿದ್ದರು. 1964ರಲ್ಲಿ ಸುಜುಕಾ ಟ್ರ್ಯಾಕ್‌ನಲ್ಲಿ ನಡೆದ 18 ಗಂಟೆಗಳ ರೇಸ್ ಗೆದ್ದಿದ್ದು ಅವರು ಟ್ಯೂನ್ ಮಾಡಿದ ಹೋಂಡಾ. ಆಮೇಲೆ ಬಂತು ನಾಲ್ಕು ಸಿಲಿಂಡರ್‌ನ ಹೋಂಡಾ ಸಿಬಿ 750. ಕಂಪನಿ ಕೊಟ್ಟಿದ್ದು ನಾಲ್ಕು ಸಿಲಿಂಡರ್‌ಗೆ ನಾಲ್ಕು ಸೈಲೆನ್ಸರ್. ಪಾಪ್ಸ್ ನಾಲ್ಕೂ ಪೈಪನ್ನು ತಂದು ಒಂದೇ ಬಾಯಿಗೆ ಸೇರಿಸಿದರು. ತೂಕ ಇಳೀತು. ಒಂದು ಸಿಲಿಂಡರ್‌ನಿಂದ ನುಗ್ಗೋ ಹೊಗೆ ಪಕ್ಕದ ಸಿಲಿಂಡರ್‌ನ ಹೊಗೆಯನ್ನೂ ಎಳಕೊಂಡು ಹೋಗೋದ್ರಿಂದ ಶಕ್ತಿಯೂ ಏರಿತು. ಇವತ್ತು ಸ್ಟಿಕ್ಕರ್ ಮೇಲಿರೋ ಹೆಸರು ದೊಡ್ಡದಾಗಿದ್ದು ಅಲ್ಲಿಂದ.

ಆ ಪೈಪ್ ನಂಬ್ಕೊಂಡೇ ಅಮೆರಿಕಕ್ಕೆ ಹೋದರು. ಲಾಸ್ ಏಂಜಲೀಸ್ ಕಡೆ ಅಂಗಡಿ ಹಾಕಿದರು, ವ್ಯಾಪಾರವೂ ಕುದುರಿತು. ಆದರೆ ಪಾಲುದಾರಿಕೆ ಕೈಕೊಟ್ಟಿತು. ತನ್ನ ಹೆಸರಿಟ್ಟ ಅಂಗಡಿಯೇ ಕೈತಪ್ಪಿ ಹೋಯ್ತು. ಪಾಲುದಾರಿಕೆ ವ್ಯಾಪಾರ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 50 ದಾಟಿದ ವಯಸ್ಸಲ್ಲಿ, ಮಗ ಫುಜಿಯೊ ಜೊತೆ ಮತ್ತೆ ಸೊನ್ನೆಯಿಂದ ಶುರು.

ಆ ಹೊತ್ತಿಗೇ, 1976ರಲ್ಲಿ, ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಸೂಪರ್‌ಬೈಕ್ ಅನ್ನೋ ಹೊಸ ಚಾಂಪಿಯನ್‌ಶಿಪ್ ತಂದಿತು. ರೇಸ್‌ಗಂತಲೇ ಕಾರ್ಖಾನೆ ಕಟ್ಟಿದ ವಿಶೇಷ ಬೈಕ್ ಇಲ್ಲಿ ನಡೆಯಲ್ಲ. ಶೋರೂಮ್‌ನಲ್ಲಿ ಯಾರು ಬೇಕಾದ್ರೂ ಕೊಳ್ಳಬಹುದಾದ ಬೈಕೇ ಆಗಬೇಕು. ಫ್ರೇಮ್ ಅದೇ ಇರಬೇಕು, ಎಂಜಿನ್ ಅದೇ ಇರಬೇಕು, ದೂರದಿಂದ ನೋಡಿದ್ರೆ ಅಂಗಡಿ ಬೈಕಿನ ಹಾಗೇ ಕಾಣಬೇಕು. ಎಂಜಿನ್ ಅಳತೆ 1000 ಸಿಸಿ ದಾಟಬಾರದು. ಕೋಟಿ ಸುರಿಯೋ ಕಾರ್ಖಾನೆ ತಂಡಗಳ ಎದುರು ಕೈಯಲ್ಲಿ ಅರ ಹಿಡಿದು ಕೆಲಸ ಮಾಡೋ ಮನುಷ್ಯ ನಿಲ್ಲಬಹುದಾದ ಜಾಗ ಇದೊಂದೇ.

ಈಗ ಪ್ರಶ್ನೆ ಬರೋದು, ‘ಅದೇ ಬೈಕ್’ ಅಂದ್ರೆ ಏನು? ಎಷ್ಟು ಬದಲಾಯಿಸಿದ್ರೆ ಅದು ಅದೇ ಬೈಕ್ ಆಗಿ ಉಳಿಯಲ್ಲ? ಹೊರಗಿನ ರೂಪಕ್ಕೆ ಕಟ್ಟುಪಾಡು ಹಾಕಿದ ನಿಯಮ, ಎಂಜಿನ್ ಒಳಗಿನ ಕೆಲಸಕ್ಕೆ ಸಾಕಷ್ಟು ಸಡಿಲ ಬಿಟ್ಟಿತ್ತು. ಪಾಪ್ಸ್ ಹಿಡಿದಿದ್ದು ಅದನ್ನೇ.

ಸುಜುಕಿ ಕಂಪನಿ ಆಗ ಜಿಎಸ್ 750 ಅನ್ನೋ ಹೊಸ ಬೈಕ್ ತಂದಿತ್ತು. 750 ಸಿಸಿ ಬೈಕ್ ತಗೊಂಡು 1000 ಸಿಸಿ ಗುಂಪಿನಲ್ಲಿ ಓಡೋದು ಅಂದ್ರೆ ಸೋಲೋಕೇ ಹೊರಟ ಹಾಗೆ. ಆದ್ರೆ ಆ ಎಂಜಿನ್‌ನ ಕ್ರ್ಯಾಂಕ್ ರೋಲರ್ ಬೇರಿಂಗ್ ಮೇಲೆ ಕೂತಿತ್ತು, ಬುಡ ಗಟ್ಟಿ. ಕಂಪನಿ ಕೊಟ್ಟ ಸಿಲಿಂಡರ್‌ನ ಅಗಲ 65 ಮಿಲಿಮೀಟರ್. ಪಾಪ್ಸ್ ಅದನ್ನ 73 ಮಿಲಿಮೀಟರ್‌ಗೆ ಕೊರೆಸಿದರು. ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ 56.4 ಮಿಲಿಮೀಟರ್, ಅದನ್ನ ಮುಟ್ಟಲಿಲ್ಲ. ಬೇಕಾದ್ರೆ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿ ನೋಡಿ: ನಾಲ್ಕು ಸಿಲಿಂಡರ್ ಸೇರಿ 944 ಸಿಸಿ. ಎಂಜಿನ್ ಅದೇ, ಫ್ರೇಮ್ ಅದೇ, ಮಿತಿ 1000, ಲೆಕ್ಕ ಅದರೊಳಗೇ.

ಇದು ಮೋಸವಾ? ಅಲ್ಲ. ತಕ್ಕಡಿಗೆ ಅಳತೆ ಇಲಾಖೆಯವರು ಮುದ್ರೆ ಹಾಕೋ ಹಾಗೆ ರೇಸ್‌ನಲ್ಲೂ ತಪಾಸಣೆ ಇರುತ್ತೆ. ಗೆದ್ದ ಬೈಕಿನ ಎಂಜಿನ್ ಬಿಚ್ಚಿಸಿ ಅಳೆಯೋ ಅಧಿಕಾರವೂ ಅವರಿಗಿದೆ. ಮಿತಿ 1000 ಅಂತ ಬರೆದವರು, ಚಿಕ್ಕ ಬೈಕನ್ನ ಅಲ್ಲಿವರೆಗೆ ಹಿಗ್ಗಿಸಬಾರದು ಅಂತ ಬರೆದಿರಲಿಲ್ಲ. ತಕ್ಕಡಿಯಲ್ಲಿ ಕೈಯಾಡಿಸೋದೇ ಬೇರೆ, ಕಾಯ್ದೆಯನ್ನ ಕೊನೇ ಸಾಲಿನವರೆಗೂ ಓದಿ ವ್ಯಾಪಾರ ಮಾಡೋದೇ ಬೇರೆ.

1977ರಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಸೆಕಾದಲ್ಲಿ ಸ್ಟೀವ್ ಮೆಕ್‌ಲಾಫ್ಲಿನ್ ಅನ್ನೋ ರೈಡರ್ ಆ ಬೈಕನ್ನ ಗೆಲ್ಲಿಸಿದರು. ಮರುವರ್ಷ ಜಿಎಸ್ 1000 ಬಂತು. ಆ ಬೈಕ್ ಕೂಡ ಡೇಟೋನಾದಲ್ಲಿ ಇದೇ ಮೆಕ್‌ಲಾಫ್ಲಿನ್ ಕೈಯಲ್ಲಿ ಗೆದ್ದಿತು. 1979 ಮತ್ತು 1980ರಲ್ಲಿ ವೆಸ್ ಕೂಲಿ ಯೋಶಿಮುರಾ ಸುಜುಕಿ ಮೇಲೆ ಅಮೆರಿಕದ ಸೂಪರ್‌ಬೈಕ್ ಚಾಂಪಿಯನ್ ಆದರು.

ಆದ್ರೆ ಜಪಾನಿನಲ್ಲಿ ಇವತ್ತಿಗೂ ನೆನೆಯೋದು 1978ರ ಜುಲೈ ತಿಂಗಳನ್ನ. ಮೊದಲ ಸುಜುಕಾ 8 ಗಂಟೆಗಳ ರೇಸ್ ಅದು. ಟ್ರ್ಯಾಕ್ ಹೋಂಡಾ ಕಟ್ಟಿಸಿದ್ದು. ಓಡಲು ಬಂದಿದ್ದು ಯುರೋಪಿನ ದೀರ್ಘ ರೇಸ್‌ಗಳಲ್ಲಿ ಎದುರಾಳಿಯೇ ಇಲ್ಲ ಅನ್ನಿಸಿಕೊಂಡಿದ್ದ ಹೋಂಡಾದ ಆರ್‌ಸಿಬಿ, ಅದೂ ರೇಸ್‌ಗಂತಲೇ ಕಟ್ಟಿದ ಬೈಕ್. ಎದುರಿಗೆ ಪಾಪ್ಸ್ ಇಳಿಸಿದ್ದು ಅಂಗಡಿ ಬೈಕಿನಿಂದ ಮಾಡಿದ ಜಿಎಸ್ 1000. ಓಡಿಸಿದವರು ಕೂಲಿ ಮತ್ತು ಮೈಕ್ ಬಾಲ್ಡ್‌ವಿನ್. ಬೇಸಿಗೆಯ ಬಿಸಿಲಲ್ಲಿ ಎಂಟು ಗಂಟೆ. ಹೋಂಡಾದ ಬೈಕ್‌ಗಳು ನಡುವೆಯೇ ನಿಂತವು, ಪಾಪ್ಸ್ ಬೈಕ್ ನಿಲ್ಲಲಿಲ್ಲ. ಗೆದ್ದೇ ಬಿಟ್ಟಿತು. ಅವರ ಅಳಿಯ ಮಾಮೊರು ಮೊರಿವಾಕಿ ಕಟ್ಟಿದ ಕವಾಸಾಕಿ ಮೂರನೇ ಸ್ಥಾನಕ್ಕೆ ಬಂತು. 1980ರಲ್ಲಿ ಕೂಲಿ ಮತ್ತು ಗ್ರೇಮ್ ಕ್ರಾಸ್ಬಿ ಪಾಪ್ಸ್‌ಗೆ ಅದೇ ರೇಸನ್ನ ಮತ್ತೊಮ್ಮೆ ಗೆದ್ದುಕೊಟ್ಟರು.

ಗೆಲುವು ಜಾಸ್ತಿಯಾದಂತೆ ಕಾರ್ಖಾನೆಗಳೂ ಸೂಪರ್‌ಬೈಕ್‌ಗೆ ಇಳಿದವು, ನಿಯಮಗಳೂ ಬಿಗಿಯಾದವು. ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋ ಆಟ ಟ್ಯೂನರ್‌ಗಳಿಗೂ ನಿಯಮ ಬರೆಯೋರಿಗೂ ಶುರುವಾಯಿತು. 1983ರಲ್ಲಿ ಅಮೆರಿಕದಲ್ಲಿ ನಾಲ್ಕು ಸಿಲಿಂಡರ್ ಬೈಕ್‌ಗಳ ಮಿತಿಯನ್ನ 1000ದಿಂದ 750 ಸಿಸಿಗೆ ಇಳಿಸಿದರು. 1988ರಲ್ಲಿ ವಿಶ್ವ ಸೂಪರ್‌ಬೈಕ್ ಚಾಂಪಿಯನ್‌ಶಿಪ್ ಶುರುವಾಯಿತು. ಅದಕ್ಕಾಗಿ ಓಡಾಡಿದವರು ಅದೇ ಮೆಕ್‌ಲಾಫ್ಲಿನ್. ಇವತ್ತು ಅದರ ನಿಯಮ ಪುಸ್ತಕ ನೇರವಾಗಿ ಹೇಳುತ್ತೆ: ಬದಲಾಯಿಸಬಹುದು ಅಂತ ಬರೆದಿಲ್ಲದ ಯಾವುದನ್ನೂ ಬದಲಾಯಿಸುವಂತಿಲ್ಲ. ಪಾಪ್ಸ್ ಓದಿದ ಖಾಲಿ ಜಾಗಕ್ಕೇ ಬೀಗ ಹಾಕಿದ ಹಾಗೆ.

750 ಸಿಸಿಗೂ ಪಾಪ್ಸ್ ಮನೆಯವರು ಒಗ್ಗಿಕೊಂಡರು. 1988ರಲ್ಲಿ ಡೇಟೋನಾ 200 ರೇಸ್ ಗೆದ್ದ ಕೆವಿನ್ ಶ್ವಾಂಟ್ಜ್ ಓಡಿಸಿದ್ದು ಯೋಶಿಮುರಾ ತಂಡದ ಜಿಎಸ್‌ಎಕ್ಸ್-ಆರ್ 750. ಅಷ್ಟು ಹೊತ್ತಿಗೆ ಹೊಣೆಯೆಲ್ಲ ಹೆಚ್ಚುಕಮ್ಮಿ ಫುಜಿಯೊ ಹೆಗಲಿಗೆ ಬಂದಿತ್ತು. ಪಾಪ್ಸ್ 1995ರ ಮಾರ್ಚ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 72 ವರ್ಷ. ಐದು ವರ್ಷದ ನಂತರ, ಅವರನ್ನ ರೂಲ್ ಬುಕ್ ಹಿಡಿದು ತಪಾಸಣೆ ಮಾಡ್ತಿದ್ದ ಅದೇ ಅಮೆರಿಕನ್ ಅಸೋಸಿಯೇಷನ್‌ನ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿತು.